ತಪಸ್ಸುಕಾಲದ ಹಲಗೆ: ಮರ ಗಟ್ಟಿ, ಲೆಕ್ಕ ಕಚ್ಚಾ

ತಪಸ್ಸುಕಾಲ ಎಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ 40 ದಿನಗಳ ವ್ರತ. ಆ ದಿನಗಳನ್ನು ಗೂಟ ಸರಿಸುತ್ತಾ ಎಣಿಸಲು ದಾವಣಗೆರೆಯಲ್ಲಿ ಮಕ್ಕಳಿಗೆಂದು ಮಾರುವ ಈ ಶಿಲುಬೆಯಾಕಾರದ ಹಲಗೆಯಲ್ಲಿ 40 ತೂತು, ಒಂದು ಗೂಟ, ಶಿಲುಬೆ ಹಾದಿಯ (ಯೇಸುವಿನ ಕೊನೆಯ ಪಯಣದ) 14 ಚಿತ್ರ, ಆರು ಮೇಣದಬತ್ತಿ ಇವೆ. ಮರ ಚೆನ್ನಾಗಿದೆ, ಅಂಚು ನುಣುಪು, ಪುಟ್ಟ ಬೆರಳಿಗೆ ಚುಚ್ಚುವುದಿಲ್ಲ.

ಎಡವಟ್ಟು ಇರುವುದು ಸೂಚನಾಪತ್ರದಲ್ಲಿ. "ದಿನಕ್ಕೊಂದು ತೂತು" ಎಂದಷ್ಟೇ ಅಚ್ಚಾಗಿದೆ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನ. ಆರು ಭಾನುವಾರ ಬಿಟ್ಟರೆ ಮಾತ್ರ 40. ಬಿಡದೆ ಹೋದರೆ ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರವೇ ಗೂಟ ಕೊನೆಗೆ ಬಂದು, ಮುಖ್ಯವಾದ ವಾರಕ್ಕೆ ಮಕ್ಕಳ ಕೈ ಖಾಲಿ. ಭಾನುವಾರ ಗೂಟ ಮುಟ್ಟಬೇಡಿ, ಮೇಣದಬತ್ತಿ ಹಚ್ಚಿ.

ಚಿತ್ರಗಳನ್ನು ಒಂದೇ ಸಲ ಅಂಟಿಸಬಾರದು. ಶುಭ ಶುಕ್ರವಾರ (ಗುಡ್ ಫ್ರೈಡೇ) ಸೇರಿ ಏಳು ಶುಕ್ರವಾರ, ವಾರಕ್ಕೆರಡರಂತೆ 14 ಸರಿಹೊಂದುತ್ತದೆ. ಜೊತೆಗಿನ ಅಂಟು ನಿಲ್ಲದು, ಮೈದಾ ಗಂಜಿಯೇ ವಾಸಿ.

ಮೇಣದಬತ್ತಿ ಸಪೂರ. ನಮ್ಮೂರಿನ ಮಾರ್ಚ್ ಸೆಕೆಗೆ, ಅದರಲ್ಲೂ ಶೀಟಿನ ಮನೆಯಲ್ಲಿ, ಬಾಗಿ ಕೊಕ್ಕೆಯಾಗುತ್ತದೆ. ನೀರಿನ ಮಡಕೆಯ ಪಕ್ಕ ಇಡಿ.

ಕಾಣಿಕೆ ಡಬ್ಬಿ ಕೊಟ್ಟಿಲ್ಲ. ಹಾರ್ಲಿಕ್ಸ್ ಡಬ್ಬಿ ಸಾಕು: ವ್ರತಕ್ಕೆಂದು ತಿನ್ನದೆ ಬಿಟ್ಟ ಬೆಣ್ಣೆದೋಸೆಯ ದುಡ್ಡು ಅದಕ್ಕೆ ಬೀಳಲಿ. ಕಥೋಲಿಕ ಸಭೆಯ ಉಪವಾಸದ ನಿಯಮ 18 ವರ್ಷ ತುಂಬಿದವರಿಗೆ, ಮಕ್ಕಳನ್ನು ಹಸಿವಿನಲ್ಲಿ ಕೂರಿಸಬೇಡಿ.