ಅಂಗಡಿಯ ಲೆಕ್ಕಕ್ಕೆ ಬ್ಯಾಕಪ್: ಗೂಗಲ್ ಡ್ರೈವ್, ಬ್ಯಾಕ್‌ಬ್ಲೇಜ್, ಎಸ್3

ಎರಡು ಕಂಪ್ಯೂಟರ್, ಟ್ಯಾಲಿ ಲೆಕ್ಕ, ಒಂದಷ್ಟು ಬಿಲ್‌ಗಳ ಸ್ಕ್ಯಾನ್. ಇಷ್ಟಕ್ಕೆ ಯಾವುದು ಸಾಕು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಗೂಗಲ್ ಡ್ರೈವ್ ಸುಲಭ. 15 ಜಿಬಿವರೆಗೆ ಪುಕ್ಕಟೆ. ಬ್ಯಾಕ್‌ಬ್ಲೇಜ್ ಅನ್ನೋ ಆನ್‌ಲೈನ್ ಬ್ಯಾಕಪ್ ಸೇವೆ ಒಂದು ಕಂಪ್ಯೂಟರ್‌ಗೆ ಇಷ್ಟು ಅಂತ ಡಾಲರ್‌ನಲ್ಲಿ ತೆಗೆದುಕೊಳ್ಳುತ್ತದೆ, ಡೇಟಾ ಎಷ್ಟಿದ್ದರೂ ಸರಿ. ಅಮೆಜಾನ್ ಎಸ್3 ಅಂದರೆ ಅಮೆಜಾನ್‌ನ ಸರ್ವರ್‌ನಲ್ಲಿ ಫೈಲ್ ಇಡುವ ಸೇವೆ, ಅದರಲ್ಲಿ ಇಟ್ಟಷ್ಟಕ್ಕೆ ಬಿಲ್. ವಾಪಸ್ ಇಳಿಸಿಕೊಳ್ಳುವಾಗಲೂ ದುಡ್ಡು ಬೀಳಬಹುದು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಆದರೆ ಡ್ರೈವ್ ಮಾಡುವುದು ಸಿಂಕ್, ಅಂದರೆ ಕಂಪ್ಯೂಟರ್‌ನಲ್ಲಿ ಆದ ಬದಲಾವಣೆಯೇ ಆನ್‌ಲೈನ್ ಪ್ರತಿಯಲ್ಲೂ ಆಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಫೈಲ್ ಕೆಡಿಸಿದರೆ ಕೆಟ್ಟ ಫೈಲೇ ಮೇಲೆ ಹೋಗುತ್ತದೆ. ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಇಲ್ಲ. ಮಾರ್ಚ್‌ನಲ್ಲಿ ಹೋದ ಫೈಲ್ ಜುಲೈನಲ್ಲಿ ಆಡಿಟರ್ ಕೇಳಿದರೆ? ಬ್ಯಾಕ್‌ಬ್ಲೇಜ್‌ನಲ್ಲಿ ವರ್ಷದವರೆಗೆ ಹಳೇ ಪ್ರತಿ ಇಡುವ ಆಯ್ಕೆ ಇದೆ. ಎಸ್3ಯಲ್ಲಿ ವರ್ಷನಿಂಗ್ (ಹಳೇ ಪ್ರತಿ ಉಳಿಸುವ ಸೌಲಭ್ಯ) ನೀವೇ ಆನ್ ಮಾಡಬೇಕು.

ಮೊದಲ ಅಪ್‌ಲೋಡ್‌ಗೆ ತಾಳ್ಮೆ ಬೇಕು. 20 ಎಂಬಿಪಿಎಸ್ ವೇಗದಲ್ಲಿ 200 ಜಿಬಿ ಹೋಗಲು 22 ಗಂಟೆ ಹಿಡಿಯುತ್ತದೆ. ಶನಿವಾರ ಸಂಜೆ ಹಚ್ಚಿಬಿಡಿ.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿನಾ? ಹಾಗಿದ್ದರೆ 2022ರ ನಿಯಮದಂತೆ ಲೆಕ್ಕದ ಪುಸ್ತಕಗಳ ಬ್ಯಾಕಪ್ ದಿನಾ ಭಾರತದಲ್ಲಿರುವ ಸರ್ವರ್‌ನಲ್ಲಿ ಆಗಬೇಕು. ಆಗ ಎಸ್3ಯ ಮುಂಬೈ ಅಥವಾ ಹೈದರಾಬಾದ್ ರೀಜನ್ (ಸರ್ವರ್ ಇರುವ ಜಾಗ) ಒಳ್ಳೇದು, ಸೆಟಪ್‌ಗೆ ತಿಳಿದವರು ಬೇಕು ಅಷ್ಟೇ. ಒಬ್ಬರೇ ಮಾಲೀಕರ ಅಂಗಡಿ, ತಲೆನೋವು ಬೇಡ ಅಂದರೆ ಬ್ಯಾಕ್‌ಬ್ಲೇಜ್. ಡೇಟಾ ಸ್ವಲ್ಪವೇ ಇದ್ದರೆ ಡ್ರೈವ್ ನಡೆಯುತ್ತದೆ, ಆದರೆ ಟ್ಯಾಲಿ ಫೋಲ್ಡರನ್ನೇ ಸಿಂಕ್‌ಗೆ ಹಾಕಬೇಡಿ. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ತಾರೀಖು ಹಾಕಿದ ಫೋಲ್ಡರ್‌ನಲ್ಲಿ ಆ ಫೈಲ್ ಇಡಿ.