ಎರಡನೆಯ ಸಲವೂ ಅಲ್ಲೇ ರಕ್ತ ಕೊಡಿ: ತುಮಕೂರಿನ ಒಂದು ಲ್ಯಾಬ್‌ನ ಬಗ್ಗೆ

ಗುಬ್ಬಿಯಲ್ಲಿರುವ ನನ್ನ ನಾದಿನಿಗೆ ಮುಟ್ಟು ತಪ್ಪಿತ್ತು. ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಬಂದರೂ ಕಿಬ್ಬೊಟ್ಟೆಯ ಬಲಗಡೆ ನೋವಿತ್ತು, ಆಗಾಗ ರಕ್ತ ಕಾಣುತ್ತಿತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ವೈದ್ಯರು ಬೀಟಾ ಎಚ್‌ಸಿಜಿ ಎಂಬ, ಗರ್ಭ ನಿಂತಾಗ ರಕ್ತದಲ್ಲಿ ಏರುವ ಹಾರ್ಮೋನನ್ನು ಅಳೆಯುವ ಪರೀಕ್ಷೆ ಬರೆದುಕೊಟ್ಟರು. ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಲ್ಯಾಬ್‌ಗೆ ಕರೆದುಕೊಂಡು ಹೋದೆ.

ರಕ್ತ ತೆಗೆದ ಹುಡುಗಿಯ ಕೆಲಸವನ್ನು ಮೊದಲು ಹೇಳಬೇಕು. ಟ್ಯೂಬಿನ ಚೀಟಿಯ ಮೇಲೆ ಹೊತ್ತನ್ನು ಬರೆದು, ನಮ್ಮ ರಸೀದಿಯ ಮೇಲೂ ಬರೆದಳು. "ನಾಡಿದ್ದು ಇದೇ ಹೊತ್ತಿಗೆ ಬನ್ನಿ ಅಕ್ಕಾ, ಬೇರೆ ಕಡೆ ಕೊಡಬೇಡಿ. ಯಂತ್ರ ಬದಲಾದರೆ ಅಂಕಿಯೂ ಬದಲಾಗಬಹುದು" ಎಂದಳು. ಈ ಪರೀಕ್ಷೆಯ ಜೀವಾಳವೇ ಅದು. ಒಂದು ಅಂಕಿಯಿಂದ ಗರ್ಭ ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ. 48 ಗಂಟೆಗಳಲ್ಲಿ ಅದು ಎಷ್ಟು ಏರಿತು ಎನ್ನುವುದನ್ನು ನೋಡಬೇಕು. ಮೊದಲ ಅಂಕಿ 1500ಕ್ಕಿಂತ ಕಡಿಮೆಯಿದ್ದರೆ, ಸರಿಯಾಗಿ ಬೆಳೆಯುವ ಗರ್ಭದಲ್ಲಿ ಅದು ಕನಿಷ್ಠ ಅರ್ಧದಷ್ಟಾದರೂ ಹೆಚ್ಚುತ್ತದೆ. ನಾದಿನಿಯದು 820 ಇದ್ದದ್ದು 1010ಕ್ಕೆ ಬಂದು ನಿಂತಿತ್ತು. ಇಷ್ಟರಿಂದಲೇ ನಾಳದ ಗರ್ಭ, ಅಂದರೆ ಗರ್ಭಕೋಶದ ಬದಲು ಅಂಡನಾಳದಲ್ಲೇ ನಿಂತ ಗರ್ಭ, ಎನ್ನಲಾಗದು, ತಾನಾಗಿ ಇಳಿದುಹೋಗುವ ಗರ್ಭದಲ್ಲೂ ಏರಿಕೆ ಹೀಗೆ ಕುಂಟುತ್ತದೆ. ಮತ್ತೆ ಒಳಗಿನಿಂದ ಸ್ಕ್ಯಾನ್ ಮಾಡಿದಾಗ ಬಲ ಅಂಡಾಶಯದ ಪಕ್ಕದಲ್ಲಿ ಸಣ್ಣ ಗಂಟು ಕಂಡಿತು. ನಾಳದ ಗರ್ಭವೇ ಆಗಿತ್ತು, ಆದರೆ ನಾಳ ಒಡೆದಿರಲಿಲ್ಲ. ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಚುಚ್ಚುಮದ್ದಿನಲ್ಲೇ ಮುಗಿಯಿತು, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಚುಚ್ಚುಮದ್ದಿನ ನಾಲ್ಕನೆಯ ಮತ್ತು ಏಳನೆಯ ದಿನದ ನಡುವೆ ಅಂಕಿ ಶೇಕಡಾ 15ರಷ್ಟಾದರೂ ಇಳಿಯಬೇಕು. ಆ ರಕ್ತವನ್ನೂ, ನಂತರದ ವಾರಗಳದನ್ನೂ ಇಲ್ಲೇ ಕೊಟ್ಟೆವು. ವರದಿ ಪ್ರತಿಸಲವೂ ಅದೇ ಸಂಜೆ ಮೊಬೈಲಿಗೆ ಬಂತು.

ದೂರು ಇರುವುದು ಆ ವರದಿಯ ಬಗ್ಗೆಯೇ. ಅಂಕಿಯ ಕೆಳಗೆ, ಗರ್ಭದ ಯಾವ ವಾರಕ್ಕೆ ಅಂಕಿ ಎಷ್ಟಿರಬಹುದು ಎನ್ನುವ ಪಟ್ಟಿಯೊಂದನ್ನು ಅಚ್ಚು ಹಾಕುತ್ತಾರೆ. ಅದರಲ್ಲಿ ಒಂದೊಂದು ವಾರದ ವ್ಯಾಪ್ತಿಯೂ ಎಷ್ಟು ಅಗಲವೆಂದರೆ ನಾದಿನಿಯ ಎರಡೂ ಅಂಕಿಗಳು ಅದರೊಳಗೇ ಕೂತಿದ್ದವು. ನಮ್ಮತ್ತೆ ಅದನ್ನು ಓದಿ "ಎಲ್ಲ ಸರಿಯಾಗಿದೆಯಲ್ಲ, ಊರಿಗೆ ಹೊರಡೋಣ" ಎಂದರು. ವೈದ್ಯರನ್ನು ಕಾಣದೆ ಹೊರಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ಝಲ್ಲೆನ್ನುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಜೀವಕ್ಕೆ ಕುತ್ತು ಬರುತ್ತದೆ. ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರಂತೂ ವರದಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.

ಹಿಂದಿನ ಅಂಕಿಯನ್ನೂ ರಕ್ತ ತೆಗೆದ ಹೊತ್ತನ್ನೂ ಹೊಸ ಅಂಕಿಯ ಪಕ್ಕದಲ್ಲೇ ಅಚ್ಚು ಹಾಕಿ ಎಂದು ಕೌಂಟರಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಅದೊಂದು ಆಗುವವರೆಗೆ ಐದರಲ್ಲಿ ನಾಲ್ಕು ನಕ್ಷತ್ರ.