ಮೇಲಿನಿಂದ ನೆಲ ಓದಲು: ಗೂಗಲ್ ಅರ್ಥ್, ಡ್ರೋನ್, ಜೋಡಿ ಫೋಟೊ

ನಮ್ಮ ಉಡುಪಿ ಕಡೆ ನಿಂತಲ್ಲಿಂದ ನೆಲದ ಆಕಾರ ಕಾಣುವುದಿಲ್ಲ. ತೆಂಗು ಅಡ್ಡ, ಇಲ್ಲವೇ ಗುಡ್ಡ ಅಡ್ಡ. ಹಾಗಾಗಿ ಮಳೆ ಮುಗಿದ ಮೇಲೆ ಮೂರು ದಾರಿಯಲ್ಲಿ ನೋಡಿದೆ: ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು, ಗೆಳೆಯನ ಡ್ರೋನ್, ಮತ್ತೆ ಸ್ಟೀರಿಯೋಸ್ಕೋಪ್ (ಎರಡು ಫೋಟೊ ಕೂಡಿಸಿ ಉಬ್ಬು ತಗ್ಗು ತೋರಿಸುವ ಎರಡು ಲೆನ್ಸಿನ ಸಾಧನ) ಕೆಳಗೆ ಇಟ್ಟ ಜೋಡಿ ಫೋಟೊ.

ಕೋಡಿ ಬೆಂಗ್ರೆಗೆ ಗೂಗಲ್ ಅರ್ಥೇ ಸರಿ. ಸೀತಾ, ಸ್ವರ್ಣಾ ಹೊಳೆಗಳು ಕಡಲು ಸೇರುವ ಅಳಿವೆ ಅದು. ವರ್ಷ ಹಿಂದೆ ಮುಂದೆ ಮಾಡಿದರೆ ಮರಳು ಜಾಗ ಬದಲಿಸುವುದು ಕಾಣುತ್ತದೆ. ಆದರೆ ಒಂದು ಎಚ್ಚರ ಬೇಕು. ಒಂದು ಚಿತ್ರದಲ್ಲಿ ದಂಡೆ ಸಪೂರ ಕಂಡಾಗ ಮರಳು ಕೊಚ್ಚಿ ಹೋಯಿತು ಅಂತಲೇ ಬರೆದಿಟ್ಟುಕೊಂಡಿದ್ದೆ. ಅದು ಉಬ್ಬರದ ಹೊತ್ತಿನ ಚಿತ್ರವೂ ಆಗಿರಬಹುದು, ಅಲ್ವಾ? ಇನ್ನೊಂದು ಬೇಸರ: ಮರಳು ಜಾಸ್ತಿ ಓಡಾಡುವುದು ಮಳೆಗಾಲದಲ್ಲಿ, ಆಗಲೇ ಮೋಡದಿಂದ ಒಳ್ಳೆಯ ಚಿತ್ರ ಸಿಗುವುದಿಲ್ಲ. ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳೂ ಇದರಲ್ಲಿ ಬಿಡಿಯಾಗಿ ಕಾಣಲಿಲ್ಲ. ಅದಕ್ಕೆ ಮಲ್ಪೆಯಿಂದ ಬೋಟ್ ಹತ್ತಲೇಬೇಕು.

ಡ್ರೋನ್ ಕೆಲಸಕ್ಕೆ ಬಂದದ್ದು ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟು ನೆಲದಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಕೋರೆಯ ಹತ್ತಿರ. ಅನುಮತಿ ಕೇಳದೆ ಡ್ರೋನ್ ಹಾರಿಸಬಹುದಾದ ಹಸಿರು ವಲಯದಲ್ಲೂ 120 ಮೀಟರ್‌ಗಿಂತ ಮೇಲೆ ಹಾಗೇ ಹೋಗುವಂತಿಲ್ಲ. ಬಜ್ಪೆ ವಿಮಾನ ನಿಲ್ದಾಣದ ಸುತ್ತ ಬೇರೆಯೇ ನಿಯಮ, ಹಾರಿಸುವ ಮೊದಲು ಡ್ರೋನ್ ವಲಯಗಳ ನಕ್ಷೆ ನೋಡಿ. ಕಲ್ಲು ಕೊಯ್ದ ಗೆರೆ ಒಂದೊಂದೂ ಲೆಕ್ಕಕ್ಕೆ ಸಿಕ್ಕಿತು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ನೆರಳೇ ಇಲ್ಲ. ಪದವು ಎಲ್ಲಿ ಮುಗಿದು ಕೆಳಗಿನ ಗದ್ದೆಗಳ ಬೈಲು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗಲಿಲ್ಲ. ಎಲ್ಲವೂ ಚಾಪೆ ಹಾಸಿದ ಹಾಗೆ.

ನನಗೆ ಮನಸ್ಸಿಗೆ ಹಿಡಿಸಿದ್ದು ಮೂರನೆಯದು. ವಿಮಾನದಿಂದ ಸರ್ವೆ ಮಾಡುವವರ ಹಳೆಯ ಲೆಕ್ಕ ಇದು: ಒಂದು ಫೋಟೊದ ನೆಲದಲ್ಲಿ ಸುಮಾರು ಶೇ. 60 ಭಾಗ ಮುಂದಿನ ಫೋಟೊದಲ್ಲೂ ಬರಬೇಕು. ಅದೇ ಡ್ರೋನಿನಿಂದ ಹಾಗೆ ಎರಡು ಫೋಟೊ ತೆಗೆದು ಪ್ರಿಂಟ್ ಹಾಕಿಸಿದೆ. ಲೆನ್ಸ್ ಕೆಳಗೆ ಮೊದಲು ಎರಡೆರಡು ತೆಂಗಿನ ಮರ ಕಂಡವು. ಬಲಗಡೆ ಪ್ರಿಂಟನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸಿದೆ. ಎರಡೂ ಕೂಡಿಕೊಂಡವು. ಪದವಿನ ಅಂಚು ಎದ್ದು ನಿಂತಿತು, ಬೈಲು ಕೆಳಗೆ ಇಳಿಯಿತು! ಎತ್ತರ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ, ಅಳತೆಗೆ ಅದನ್ನು ನಂಬಬಾರದು. ಆಕಾರ ತಿಳಿಯಲು ಮಾತ್ರ ಇದಕ್ಕೆ ಸಮ ಬೇರೆ ಇಲ್ಲ.

ಅಂಚು ಒಂದು ಕಡೆ ಒಳಕ್ಕೆ ಬಾಗಿತ್ತು. ಮುರಕಲ್ಲು ತೂತು ತೂತು, ನೀರು ಇಳಿದು ಹೋಗುತ್ತದೆ. ಅದರ ಕೆಳಗಿನ ಶೇಡಿ ಮಣ್ಣು, ಅಂದರೆ ಅಂಟು ಜೇಡಿ, ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾದರೆ ಒರತೆ ಇಲ್ಲೇ ಇರಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮಾರನೆಯ ಬೆಳಿಗ್ಗೆ ಪ್ರಿಂಟ್ ಹಿಡಿದು ಇಬ್ಬರೂ ಇಳಿದೆವು. ಗುರುತಿನ ಹತ್ತಿರವೇ ಬಿಳಿ ಶೇಡಿ ಮಣ್ಣು ಕಂಡಿತು. ಅದರ ಮೇಲಿನ ಸಂದಿಯಿಂದ ನೀರು ಜಿನುಗುತ್ತಿತ್ತು.